ಫೆಬ್ರವರಿ ಒಂದು ಯಾರ ರಜೆ?

‘ಅವರಿಗೆ ಕುಣಿಯುವುದಕ್ಕೆ ಇನ್ನೊಂದು ರಜೆ ಸಿಕ್ಕಿತು, ಅಷ್ಟೇ ಸಾರ್.’

ಈ ಮಾತು ಹೇಳಿದವರು ಬಿಳಿಯರಲ್ಲ. ನಮ್ಮ ಕಡೆಯವರೇ. ಮಾರಿಷಸ್‌ನಲ್ಲಿ ಉದ್ಯೋಗದಲ್ಲಿರುವ ನನ್ನ ಮಗಳ ಮನೆಗೆ ಊಟಕ್ಕೆಂದು ಬಂದಿದ್ದರು. ಅದು 2024ರ ಜನವರಿಯ ಕೊನೆಯ ದಿನ. ಬೆಲಾಲ್ ಚಂಡಮಾರುತ ಬಂದುಹೋಗಿ ಎರಡು ವಾರವಾಗಿತ್ತು. ಮಾರನೆಯ ದಿನ ಫೆಬ್ರವರಿ ಒಂದು, ಆ ದ್ವೀಪದಲ್ಲಿ ಗುಲಾಮಗಿರಿ ಕೊನೆಗೊಂಡ ದಿನದ ಸರಕಾರಿ ರಜೆ. ಯಾರ ರಜೆ ಅದು ಎಂದು ನಾನು ಕೇಳಿದ್ದಕ್ಕೆ ಬಂದ ಉತ್ತರ ಅದು. ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ‘ನಮ್ಮವರೂ ಬರಿಗೈಯಲ್ಲೇ ಬಂದವರು. ಕಬ್ಬಿನ ಗದ್ದೆಯಲ್ಲಿ ದುಡಿದು ಮೇಲೆ ಬಂದರು, ದೇಶ ಆಳಿದರು. ಇವರು ಇನ್ನೂ ಅಳುತ್ತಾ ಕೂತಿದ್ದಾರೆ’ ಎಂದರು. ಊಟಕ್ಕೆ ಕೂತವರಲ್ಲಿ ಯಾರೂ ಎದುರು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಅತಿಥಿಯ ಎದುರು ವಾದ ಬೇಡ ಎಂಬ ಮರ್ಯಾದೆ ಒಂದು ಕಡೆ. ಇನ್ನೊಂದು ಕಡೆ, ಅವರ ಮಾತು ನನಗೆ ತೀರಾ ಹೊಸತೇನೂ ಅಲ್ಲ ಎಂಬ ಮುಜುಗರ. ನಮ್ಮ ಊರಿನ ಜಗಲಿಗಳಲ್ಲಿ ಇದೇ ಮಾತನ್ನು ಬೇರೆ ಜನರ ಬಗ್ಗೆ ಎಷ್ಟು ಸಲ ಕೇಳಿಲ್ಲ ನಾನು!

ಅಂದು ಆಡಬೇಕಾಗಿದ್ದ ಮಾತನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ. ತಡವಾಯಿತು, ನಿಜ.

ಮೊದಲು ಆ ದಿನದ ಕತೆ. ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ರದ್ದತಿಯ ಕಾಯಿದೆ ಮಾಡಿದ್ದು 1833ರಲ್ಲಿ. ಬೇರೆ ಹೆಚ್ಚಿನ ವಸಾಹತುಗಳಲ್ಲಿ ಅದು 1834ರ ಆಗಸ್ಟ್ ಒಂದಕ್ಕೆ ಜಾರಿಗೆ ಬಂತು. ಮಾರಿಷಸ್‌ನಲ್ಲಿ ಜಾರಿಗೆ ಬಂದದ್ದು ಆರು ತಿಂಗಳು ತಡವಾಗಿ, 1835ರ ಫೆಬ್ರವರಿ ಒಂದಕ್ಕೆ. ದ್ವೀಪದ ನೈಋತ್ಯ ಮೂಲೆಯಲ್ಲಿ ಲೆ ಮೋರ್ನ್ ಎಂಬ ಬೆಟ್ಟವಿದೆ. ಸಮುದ್ರದ ಅಂಚಿನಲ್ಲೇ ಐನೂರೈವತ್ತು ಮೀಟರಿಗಿಂತ ಎತ್ತರಕ್ಕೆ ನಿಂತ ಕಪ್ಪು ಬಂಡೆ. ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಅದರ ಗುಹೆಗಳಲ್ಲಿ, ನೆತ್ತಿಯಲ್ಲಿ ಅಡಗಿದ್ದರು. ಬಿಡುಗಡೆಯಾಯಿತು ಎಂದು ಹೇಳಲು ಪೊಲೀಸರ ತಂಡ ಬೆಟ್ಟ ಹತ್ತಿದಾಗ, ಹಿಡಿಯಲು ಬಂದರೆಂದೇ ತಿಳಿದು ಅವರು ಮೇಲಿನಿಂದ ಹಾರಿ ಸತ್ತರೆಂದು ಅಲ್ಲಿನ ಜನ ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದಿದ್ದಾರೆ. ಈ ಬೆಟ್ಟ 2008ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಬೆಟ್ಟದ ಬುಡದಲ್ಲಿ 2009ರ ಫೆಬ್ರವರಿ ಒಂದರಂದು ಒಂದು ಸ್ಮಾರಕ ತೆರೆಯಿತು. ಬೇರೆ ಬೇರೆ ದೇಶದ ಶಿಲ್ಪಿಗಳು ಕೆತ್ತಿದ ಕಲ್ಲುಗಳು ಅಲ್ಲಿ ನಿಂತಿವೆ. ಪ್ರತಿವರ್ಷ ಅಂದು ಅಲ್ಲಿ ಹೂಮಾಲೆ ಇಡುತ್ತಾರೆ, ಭಾಷಣಗಳಾಗುತ್ತವೆ, ಆಡಿನ ಚರ್ಮದ ರವಾನ್ ವಾದ್ಯ ಬಾರಿಸಿ ಸೆಗಾ ಹಾಡುತ್ತಾರೆ. ನಮ್ಮ ಅತಿಥಿ ಹೇಳಿದ ‘ಕುಣಿತ’ ಇದೇ. ಈ ಸೆಗಾ ಹುಟ್ಟಿದ್ದೇ ಗುಲಾಮರ ನಡುವೆ.

ಈಗ ಹಣದ ಲೆಕ್ಕಕ್ಕೆ ಬರೋಣ. ಹಬ್ಬದ ದಿನದ ಭಾಷಣಗಳಲ್ಲಿ ಹಣದ ಲೆಕ್ಕ ಕೇಳಿಸುವುದು ಕಡಿಮೆ. 1833ರ ಕಾಯಿದೆ ಎರಡು ಕೋಟಿ ಪೌಂಡ್ ಪರಿಹಾರ ಕೊಡಲು ಒಪ್ಪಿತು. ಅದು ಆಗಿನ ಬ್ರಿಟಿಷ್ ಸರಕಾರದ ಒಂದು ವರ್ಷದ ವೆಚ್ಚದಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು. ಯಾರಿಗೆ ಪರಿಹಾರ? ತಲೆತಲಾಂತರ ಪುಕ್ಕಟೆ ದುಡಿದವರಿಗಲ್ಲ, ದುಡಿಸಿಕೊಂಡವರಿಗೆ. ಮಾರಿಷಸ್‌ನ ಒಡೆಯರ ಪಾಲಿಗೆ ಬಂದದ್ದು ಇಪ್ಪತ್ತು ಲಕ್ಷ ಪೌಂಡಿಗೂ ಹೆಚ್ಚು. ಅರುವತ್ತು ಸಾವಿರಕ್ಕೂ ಹೆಚ್ಚು ಮನುಷ್ಯರಿಗೆ ಹಂಚಿದರೆ ತಲೆಗೆ ಮೂವತ್ತು ಪೌಂಡಿನ ಆಸುಪಾಸು. ‘ತಲೆಗೆ’ ಎಂದು ದನಕರುಗಳ ಲೆಕ್ಕದಲ್ಲಿ ಹೇಳುತ್ತೇವಲ್ಲ, ಹಾಗೆಯೇ. ಆ ಹಣಕ್ಕಾಗಿ ಬ್ರಿಟನ್ ಸಾಲ ಮಾಡಿತು. ಸಾಲದ ಕೊನೆಯ ಬಾಕಿ ತೀರಿದ್ದು 2015ರಲ್ಲಿ ಎಂದು ಅಲ್ಲಿನ ಹಣಕಾಸು ಇಲಾಖೆಯೇ 2018ರಲ್ಲಿ ಹೇಳಿಕೊಂಡಿತು. ಅಂದರೆ ಗುಲಾಮರ ಮರಿಮಕ್ಕಳು ಲಂಡನ್ನಿಗೆ ಹೋಗಿ ಬಸ್ಸು ಓಡಿಸಿ, ಆಸ್ಪತ್ರೆಯಲ್ಲಿ ದುಡಿದು ಕಟ್ಟಿದ ತೆರಿಗೆಯಿಂದ ಅವರ ಮುತ್ತಜ್ಜಂದಿರ ಒಡೆಯರ ಪರಿಹಾರದ ಸಾಲ ತೀರಿತು.

ಬಿಡುಗಡೆಯಾದವರಿಗೆ ಏನು ಸಿಕ್ಕಿತು? ಆರು ವರ್ಷ ದಾಟಿದವರೆಲ್ಲ ಇನ್ನೂ ಕೆಲವು ವರ್ಷ ಅದೇ ಒಡೆಯನ ಬಳಿ ಇರಬೇಕೆಂಬ ಕಟ್ಟಳೆ. ಹೆಸರು ಮಾತ್ರ ಬದಲಾಯಿತು, ಗುಲಾಮ ಹೋಗಿ ‘ಅಪ್ರೆಂಟಿಸ್’. ವಾರಕ್ಕೆ ನಲವತ್ತೈದು ಗಂಟೆ ಸಂಬಳವಿಲ್ಲದ ದುಡಿಮೆ. ಹುಟ್ಟಿದಾಗಿನಿಂದ ಕಬ್ಬು ಕಡಿದವರಿಗೆ ಕಬ್ಬು ಕಡಿಯುವ ತರಬೇತಿ! ಮಾರಿಷಸ್‌ನಲ್ಲಿ ಅದು ಮುಗಿದದ್ದು 1839ರ ಮಾರ್ಚ್ ಕೊನೆಗೆ. ಹಾಗಾಗಿ ಫೆಬ್ರವರಿ ಒಂದು ಕಾಗದದ ಬಿಡುಗಡೆ. ಮೈಯ ಬಿಡುಗಡೆಗೆ ಮತ್ತೆ ನಾಲ್ಕು ವರ್ಷ ಹಿಡಿಯಿತು.

ಇನ್ನು ನಮ್ಮ ಅತಿಥಿಯ ‘ನಮ್ಮವರೂ ಬರಿಗೈಯಲ್ಲೇ ಬಂದವರು’ ಎಂಬ ಮಾತು. ಮಾರಿಷಸ್‌ಗೆ ಹೋಗುವ ಭಾರತೀಯ ಪ್ರವಾಸಿ ತಪ್ಪದೆ ನೋಡುವ ಜಾಗಗಳು ಎರಡು. ಒಂದು ಗಂಗಾ ತಲಾವ್. ಇನ್ನೊಂದು ಪೋರ್ಟ್ ಲೂಯಿಯ ಬಂದರಿನ ಪಕ್ಕದ ಆಪ್ರವಾಸಿ ಘಾಟ್, ಕರಾರು ಕೂಲಿಗಳಾಗಿ ಬಂದ ನಮ್ಮವರು ಹತ್ತಿದ ಹದಿನಾರು ಮೆಟ್ಟಿಲು. ನಾನೂ ಆ ಮೆಟ್ಟಿಲ ಮುಂದೆ ನಿಂತು ಕಣ್ಣು ಒದ್ದೆ ಮಾಡಿಕೊಂಡವನೇ. ಅದಕ್ಕೂ ಒಂದು ರಜೆಯಿದೆ, ನವೆಂಬರ್ ಎರಡು. ಎರಡೂ ರಜೆ ಶುರುವಾದದ್ದು 2001ರಲ್ಲಿ. ಅಂದಿನಿಂದ ಒಂದು ಅವರದ್ದು, ಒಂದು ನಮ್ಮದು ಎಂದು ಜನ ಹಂಚಿಕೊಂಡುಬಿಟ್ಟಿದ್ದಾರೆ. ನನ್ನ ತಕರಾರು ಇಲ್ಲಿಂದ ಶುರು.

ಕ್ಯಾಲೆಂಡರಿನಲ್ಲಿ ಫೆಬ್ರವರಿ ಮೊದಲು, ನವೆಂಬರ್ ಆಮೇಲೆ. ನಡೆದ ಕತೆಯಲ್ಲಿ ಹಾಗಲ್ಲ. ಕಲಕತ್ತೆಯಿಂದ ಹೊರಟ ‘ಅಟ್ಲಾಸ್’ ಹಡಗು ಮೂವತ್ತಾರು ಜನ ಕೂಲಿಗಳನ್ನು ಪೋರ್ಟ್ ಲೂಯಿಗೆ ತಂದದ್ದು 1834ರ ನವೆಂಬರ್ ಎರಡರಂದು. ಗುಲಾಮರ ಬಿಡುಗಡೆಗೆ ಆಗ ಇನ್ನೂ ಮೂರು ತಿಂಗಳಿತ್ತು. ಬಿಡುಗಡೆಯಾಗುವವರ ಜಾಗಕ್ಕೆ ಬೇರೆಯವರನ್ನು ಮೊದಲೇ ತಂದು ನಿಲ್ಲಿಸಿದ್ದರು! ಐದು ವರ್ಷದ ಕರಾರು, ಗಂಡಾಳಿಗೆ ತಿಂಗಳಿಗೆ ಐದು ರೂಪಾಯಿ. 1838ರ ಹೊತ್ತಿಗೆ ಹೀಗೆ ಬಂದವರು ಇಪ್ಪತ್ತು ಸಾವಿರ ದಾಟಿದ್ದರು. ‘ಅಪ್ರೆಂಟಿಸ್’ ಅವಧಿ ಮುಗಿದು ಹೊರಬಂದ ಜನ ಸರಿಯಾದ ಕೂಲಿ ಕೊಡದಿದ್ದರೆ ತೋಟಕ್ಕೆ ಬರುವುದಿಲ್ಲ ಎಂದು ಕೂತಾಗ ಒಡೆಯರಿಗೆ ಚಿಂತೆಯೇ ಇರಲಿಲ್ಲ. ನಮ್ಮವರು ಇದ್ದರು. 1920ರ ತನಕ ಬಂದವರ ಸಂಖ್ಯೆ ಐದು ಲಕ್ಷದ ಹತ್ತಿರ. ಬಂದವರ ತಪ್ಪು ಇದರಲ್ಲಿ ಏನೂ ಇಲ್ಲ. ಹಸಿವು ಅವರನ್ನು ಅಟ್ಟಿತು, ಮೇಸ್ತ್ರಿಗಳು ಸುಳ್ಳು ಹೇಳಿ ಹಡಗು ಹತ್ತಿಸಿದರು, ತೋಟದಲ್ಲಿ ಅವರಿಗೂ ಚಾಟಿ, ಜೈಲು, ಚೀಟಿಯಿಲ್ಲದೆ ಹೊರಗೆ ಕಾಲಿಟ್ಟರೆ ಅಲೆಮಾರಿ ಎಂಬ ಆಪಾದನೆ. ಒಬ್ಬರ ಕೂಲಿ ಮುರಿಯಲು ಇನ್ನೊಬ್ಬರನ್ನು ತಂದ ಅದೇ ಒಡೆಯ ಇಬ್ಬರಿಗೂ ಎರಡು ಬೇರೆ ಹಬ್ಬ ಸಿಕ್ಕಿದ್ದನ್ನು ನೋಡಿದರೆ ನಗುತ್ತಾನೆ.

ಬರಿಗೈಯ ಮಾತನ್ನೂ ಒರೆಗೆ ಹಚ್ಚಬೇಕು. ಕರಾರು ಕೂಲಿಯ ಕೈಯಲ್ಲಿ ಒಂದು ಚೀಟಿಯಿತ್ತು. ಮೋಸದ ಚೀಟಿಯೇ ಇರಲಿ, ಅದರಲ್ಲಿ ಅವನ ಹೆಸರಿತ್ತು, ಅಪ್ಪನ ಹೆಸರಿತ್ತು, ಊರಿತ್ತು, ಕೊನೆಗೊಳ್ಳುವ ದಿನವಿತ್ತು. ದೇವರನ್ನು, ಭಾಷೆಯನ್ನು, ಹಾಡನ್ನು ಅವನು ಜೊತೆಗೆ ತಂದಿದ್ದ. ಎಷ್ಟೋ ಮಂದಿ ಊರಿಗೆ ವಾಪಸು ಹೋದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಕ್ಕರೆಯ ದರ ಬಿದ್ದು ತೋಟದವರು ಅಂಚಿನ ಜಮೀನುಗಳನ್ನು ತುಂಡು ಮಾಡಿ ಮಾರಿದಾಗ, ಕೂಡಿಟ್ಟ ದುಡ್ಡು ಕೊಟ್ಟು ಕೊಳ್ಳಲು ನಮ್ಮವರಿಗೆ ಸಾಧ್ಯವಾಯಿತು. ಗುಲಾಮನಿಗೆ ಏನಿತ್ತು? 1723ರಲ್ಲಿ ಫ್ರೆಂಚರು ಈ ದ್ವೀಪಗಳಿಗೆಂದು ತಂದ ಶಾಸನದ ಪ್ರಕಾರ ಅವನು ಮೇಜು ಕುರ್ಚಿಯಂತೆ ಚರಾಸ್ತಿ. ತಿಂಗಳ ಕಾಲ ತಪ್ಪಿಸಿಕೊಂಡರೆ ಕಿವಿ ಕತ್ತರಿಸಿ ಭುಜಕ್ಕೆ ಬರೆ, ಎರಡನೆಯ ಸಲಕ್ಕೆ ಮೊಣಕಾಲ ಹಿಂದಿನ ನರ ಕತ್ತರಿಸುವುದು, ಮೂರನೆಯ ಸಲಕ್ಕೆ ಸಾವು. ಹುಟ್ಟುಹೆಸರನ್ನು ಒರೆಸಿ ಒಡೆಯ ತನಗೆ ತೋಚಿದ ಹೆಸರಿಟ್ಟ, ಗ್ರೀಕ್ ದೇವತೆಯದ್ದು, ತಿಂಗಳಿನದ್ದು, ವಾರದ್ದು, ಗೇಲಿಯದ್ದು. ಬಿಡುಗಡೆಯ ನಂತರ ಅವರಲ್ಲೂ ಕೆಲವರು ಚೂರು ಜಮೀನು ಕೊಂಡರು. ಎಷ್ಟೋ ಕುಟುಂಬಗಳ ಕೈಯಿಂದ ಅದು ಆಮೇಲೆ ತಪ್ಪಿಹೋಯಿತು. ಮಾರಿಷಸ್ ಸರಕಾರ 2009ರಲ್ಲಿ ನೇಮಿಸಿದ ಸತ್ಯ ಮತ್ತು ನ್ಯಾಯ ಆಯೋಗದ ಮುಂದೆ ಇಂಥ ನೂರಾರು ಜಮೀನು ದೂರುಗಳು ಬಂದವು. ಆಯೋಗ 2011ರಲ್ಲಿ ವರದಿ ಕೊಟ್ಟಿತು. ಗುಲಾಮಗಿರಿ ಮತ್ತು ಕರಾರು ಕೂಲಿ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ ವರದಿ ಅದು. ರಜೆಯನ್ನು ಬೇರೆ ಮಾಡಿದವರು ಆ ವರದಿಯನ್ನೊಮ್ಮೆ ತೆರೆದು ನೋಡಬೇಕು.

ಅದೂ ಬೇಡ, ‘ಅವರು’ ಎಂದರೆ ಯಾರು ಎಂದಾದರೂ ಕೇಳೋಣ. ಡಚ್ಚರ ಕಾಲದಲ್ಲಿ, 1695ರಲ್ಲಿ, ಕೆಲವು ಗುಲಾಮರು ಸೇರಿ ದ್ವೀಪದ ಡಚ್ ಕೋಟೆಗೆ ಬೆಂಕಿ ಹಚ್ಚಿದರು. ಸಿಕ್ಕಿಬಿದ್ದವರಿಗೆ ಮರಣದಂಡನೆಯಾಯಿತು. ಅವರಲ್ಲೊಬ್ಬಳು ಬಂಗಾಳದ ಅನ್ನಾ, ಇನ್ನೊಬ್ಬ ಮಲಬಾರಿನ ಆಂಟನಿ. ‘ಅಟ್ಲಾಸ್’ ಬರುವುದಕ್ಕೆ ನೂರಮೂವತ್ತೊಂಬತ್ತು ವರ್ಷ ಮೊದಲು! ಫ್ರೆಂಚರ ಕಾಲದಲ್ಲೂ ಬಂಗಾಳ, ಕೋರಮಂಡಲ, ಮಲಬಾರ್ ತೀರಗಳಿಂದ ಸಾವಿರಾರು ಮಂದಿಯನ್ನು ಗುಲಾಮರಾಗಿ ಅಲ್ಲಿಗೆ ಒಯ್ದಿದ್ದಾರೆ. ಆಫ್ರಿಕಾ, ಮಡಗಾಸ್ಕರದವರ ಜೊತೆ ಬೆರೆತು ಅವರ ಮಕ್ಕಳೂ ‘ಕ್ರಿಯೋಲ’ರಾದರು. ಹಾಗಾದರೆ ಲೆ ಮೋರ್ನ್ ಬೆಟ್ಟದಿಂದ ಹಾರಿದವರಲ್ಲಿ ‘ನಮ್ಮವರು’ ಒಬ್ಬರೂ ಇರಲಿಲ್ಲವೆಂದು ಎದೆ ಮುಟ್ಟಿ ಹೇಳುವವರು ಯಾರು?

ಕನ್ನಡಿಗರಿಗೆ ಈ ದ್ವೀಪ ಇನ್ನೊಂದು ಕಾರಣಕ್ಕೆ ಪರಿಚಿತ. ಟಿಪ್ಪು ಸುಲ್ತಾನ ಫ್ರೆಂಚರ ನೆರವು ಕೇಳಿ ದೂತರನ್ನು ಕಳಿಸಿದ್ದು ಇಲ್ಲಿಗೇ. ದೂತರು 1798ರ ಜನವರಿಯಲ್ಲಿ ಪೋರ್ಟ್ ಲೂಯಿಯಲ್ಲಿದ್ದರು. ಗವರ್ನರ್ ಮಲಾರ್ತಿಕ್ ಡಂಗುರ ಸಾರಿದ. ಕೊನೆಗೆ ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದಿಳಿದದ್ದು ಬರೀ ನೂರರ ಆಸುಪಾಸು ಜನ. ಇಷ್ಟನ್ನು ನಾವು ಓದಿದ್ದೇವೆ. ಆ ಹೊತ್ತಿನಲ್ಲಿ ಅದು ಎಂಥ ದ್ವೀಪವಾಗಿತ್ತು ಎಂದು ನಮಗೆ ಯಾರೂ ಪಾಠ ಮಾಡಲಿಲ್ಲ. ಕ್ರಾಂತಿಯ ಫ್ರಾನ್ಸ್ 1794ರಲ್ಲಿ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿತ್ತು. ಅದನ್ನು ಜಾರಿ ಮಾಡಲು 1796ರಲ್ಲಿ ಬಂದ ಇಬ್ಬರು ಅಧಿಕಾರಿಗಳನ್ನು ಇಲ್ಲಿನ ತೋಟದ ಒಡೆಯರು ಮತ್ತೆ ಹಡಗು ಹತ್ತಿಸಿ ಓಡಿಸಿದರು. ಸ್ವಾತಂತ್ರ್ಯದ ಧ್ವಜ ಮೇಲೆ, ಸಂಕೋಲೆ ಕೆಳಗೆ. ನೆಪೋಲಿಯನ್ 1802ರಲ್ಲಿ ಗುಲಾಮಗಿರಿಯನ್ನು ಮತ್ತೆ ಊರ್ಜಿತ ಮಾಡಿದಾಗ ಈ ದ್ವೀಪದಲ್ಲಿ ಬದಲಾಯಿಸಬೇಕಾದ್ದು ಏನೂ ಇರಲಿಲ್ಲ. ಬಿಡುಗಡೆಯ ಆಜ್ಞೆ ಒಂದು ಸಲ ದಡ ಮುಟ್ಟಿ ವಾಪಸು ಹೋದ ಜಾಗ ಅದು. ಫೆಬ್ರವರಿ ಒಂದನ್ನು ಬ್ರಿಟಿಷರ ಔದಾರ್ಯದ ದಿನವೆಂದು ಕೊಂಡಾಡುವವರು ನಲವತ್ತು ವರ್ಷದ ಆ ಬಾಕಿಯನ್ನೂ ನೆನಪಿಡಬೇಕು.

ಮಾರನೆಯ ಬೆಳಿಗ್ಗೆ ನಾನು ಲೆ ಮೋರ್ನ್‌ಗೆ ಹೊರಟೆ. ‘ಬಿಸಿಲು ಜಾಸ್ತಿ ಅಪ್ಪ, ಬೀಚಿಗೆ ಹೋಗೋಣ’ ಎಂದಳು ಮಗಳು. ನಾನು ಕೇಳಲಿಲ್ಲ. ಟ್ಯಾಕ್ಸಿಯವರು ಕ್ರಿಯೋಲ್, ನನ್ನದೇ ಪ್ರಾಯದವರು. ಭಾರತೀಯರು ಈ ದಿನ ಅಲ್ಲಿಗೆ ಹೋಗೆಂದು ಹೇಳುವುದು ಅಪರೂಪ ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: ‘ನಿಮ್ಮಲ್ಲೂ ಇಂಥ ದಿನ ಇದೆಯೇ?’

ನಾನು ಆಗಸ್ಟ್ ಹದಿನೈದರ ಬಗ್ಗೆ ಹೇಳಿದೆ.

‘ಅದು ಇಂಗ್ಲಿಷರಿಂದ ಬಿಡುಗಡೆ. ನಮಗೂ ಇದೆ, ಮಾರ್ಚ್ ಹನ್ನೆರಡು. ನಾನು ಕೇಳಿದ್ದು ನಿಮ್ಮ ಗುಲಾಮರಿಗೆ ಬಿಡುಗಡೆಯಾದ ದಿನ.’

ನಮ್ಮಲ್ಲಿ ಗುಲಾಮರು ಇರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ.

ಅವರ ಪ್ರಶ್ನೆಗೆ ನನ್ನ ಬಳಿ ಇದ್ದ ಉತ್ತರ ಇದು. ದಕ್ಷಿಣ ಕನ್ನಡದ ಒಂದು ಹಳ್ಳಿಯಲ್ಲಿ ನನ್ನ ಅಜ್ಜನ ಮನೆ. ಅಲ್ಲಿ ಗದ್ದೆಗೆ ಅಂಟಿಕೊಂಡು ತಲೆಮಾರುಗಳಿಂದ ದುಡಿದ ಒಂದು ಕುಟುಂಬವಿತ್ತು. ನಮ್ಮ ಸೀಮೆಯಲ್ಲಿ ಅಂಥವರಿಗೆ ‘ಮೂಲದಾಳು’ ಎನ್ನುತ್ತಿದ್ದರು. ನಾನು ಕಂಡ ಹಿರಿಯರ ಹೆಸರು ಅವರು ಹುಟ್ಟಿದ ವಾರದ ಹೆಸರು. ತುಳುನಾಡಿನಲ್ಲಿ ಜಗಲಿಯ ಮಕ್ಕಳಿಗೆ ದೇವರ ಹೆಸರಿಟ್ಟರೆ ಗದ್ದೆಯ ಮಕ್ಕಳಿಗೆ ಐತ, ಅಂಗಾರ, ಗುರುವ, ತನಿಯ ಎಂದು ವಾರದ ಹೆಸರು ಬೀಳುತ್ತಿತ್ತು. ಪೋರ್ಟ್ ಲೂಯಿಯ ಗುಲಾಮರ ದಫ್ತರದ ಬಗ್ಗೆ ಮೇಲೆ ಬರೆಯುವಾಗ ನನಗೆ ನೆನಪಾದದ್ದು ಇದು. ಅವರು ಅಂಗಳದ ತುದಿಯಲ್ಲಿ ಕೂತು ಗೆರಟೆಯಲ್ಲಿ ಗಂಜಿ ಕುಡಿಯುತ್ತಿದ್ದರು. ಏಳು ವರ್ಷದ ನಾನು ಅರುವತ್ತು ದಾಟಿದ ಅವರನ್ನು ತುಳುವಿನಲ್ಲಿ ‘ಈ’ ಎನ್ನುತ್ತಿದ್ದೆ, ಅವರು ನನ್ನನ್ನು ‘ಈರ್’ ಎನ್ನುತ್ತಿದ್ದರು. ಅಜ್ಜನ ಲೆಕ್ಕದ ಪುಸ್ತಕ ಇಂದಿಗೂ ನನ್ನ ಬಳಿ ಇದೆ. ಅವರ ಮದುವೆಗೆ, ಅವರ ತಾಯಿಯ ಬೊಜ್ಜಕ್ಕೆ ಕೊಟ್ಟ ಸಾಲ ಅದರಲ್ಲಿ ಇದೆ. ಕೊಟ್ಟ ಕೂಲಿ ಎಲ್ಲಿಯೂ ಇಲ್ಲ.

ಅಜ್ಜ ಕೆಟ್ಟವರಲ್ಲ. ಮಾರಿಷಸ್‌ನ ಎಷ್ಟೋ ಒಡೆಯರೂ ಮನೆಯಲ್ಲಿ ಒಳ್ಳೆಯ ಗಂಡಂದಿರು, ಅಪ್ಪಂದಿರು ಆಗಿದ್ದಿರಬಹುದು. ಮಾತು ಅದಲ್ಲ.

ಮಾರಿಷಸ್‌ಗೆ ಬಿಡುಗಡೆ ಕೊಟ್ಟ ಅದೇ 1833ರ ಕಾಯಿದೆಯ ಅರುವತ್ತನಾಲ್ಕನೆಯ ಕಲಮನ್ನು ನಮ್ಮಲ್ಲಿ ಓದಿದವರು ಕಡಿಮೆ. ಈ ಕಾಯಿದೆ ಈಸ್ಟ್ ಇಂಡಿಯಾ ಕಂಪನಿಯ ಸೀಮೆಗೆ, ಸಿಲೋನಿಗೆ, ಸೇಂಟ್ ಹೆಲೀನಾ ದ್ವೀಪಕ್ಕೆ ಅನ್ವಯಿಸುವುದಿಲ್ಲ ಎಂದು ಅದು ಹೇಳುತ್ತದೆ. ಕಂಪನಿಯ ಮದರಾಸು ಪ್ರಾಂತದ ಕೆನರಾ ಜಿಲ್ಲೆ, ಅಂದರೆ ನಮ್ಮ ಊರು, ಆ ಕಲಮಿನ ಒಳಗೆ ಬಿತ್ತು. ಸಮುದ್ರದ ಆಚೆಯ ಗುಲಾಮನಿಗೆ ಕಾಗದದ ಮೇಲಾದರೂ ಬಿಡುಗಡೆ, ಈಚೆಯವನಿಗೆ ಅದೂ ಇಲ್ಲ. ಮನುಷ್ಯನ ಮೇಲಿನ ಒಡೆತನವನ್ನು ಕೋರ್ಟು ಎತ್ತಿಹಿಡಿಯಕೂಡದು ಎಂದು 1843ರ ಐದನೆಯ ಕಾಯಿದೆ ಹೇಳಿತು. ಗುಲಾಮರನ್ನು ಕೊಳ್ಳುವುದು ಮಾರುವುದು ದಂಡಸಂಹಿತೆಯಲ್ಲಿ ಅಪರಾಧವಾದದ್ದು 1862ರಿಂದ. ಆಗ ಸಂಕೋಲೆ ಸಾಲದ ರೂಪಕ್ಕೆ ತಿರುಗಿತು. ಜೀತವನ್ನು ರದ್ದು ಮಾಡುವ ಕಾನೂನಿಗಾಗಿ 1975ರ ಅಕ್ಟೋಬರ್ 25ರ ತನಕ ಕಾಯಬೇಕಾಯಿತು. ಅಂದು ಸುಗ್ರೀವಾಜ್ಞೆ, 1976ರಲ್ಲಿ ಕಾಯಿದೆ. ಆ ತಾರೀಕನ್ನು ನೆನಪಿಟ್ಟವರು ನಮ್ಮಲ್ಲಿ ಎಷ್ಟು ಜನ?

ಪರಿಹಾರದ ಕತೆಯಲ್ಲೂ ನಾವು ಬೇರೆಯಲ್ಲ. 1974ರ ಭೂಸುಧಾರಣೆಯಿಂದ ನಮ್ಮ ಅಜ್ಜನ ಗೇಣಿ ಜಮೀನು ಹೋಯಿತು. ಗೇಣಿದಾರರಿಗೆ ಭೂಮಿ ಸಿಕ್ಕಿತು, ಅದು ನ್ಯಾಯವೇ. ನಮ್ಮ ಮನೆಗೆ ಪರಿಹಾರದ ಹಣ ಬಂತು. ಆ ಹಣದಲ್ಲಿ ನನ್ನ ಓದು ಮುಗಿಯಿತು. ಗೇಣಿದಾರರೂ ಅಲ್ಲದ, ಒಡೆಯರೂ ಅಲ್ಲದ, ಉತ್ತವರಲ್ಲೆಲ್ಲ ಹೆಚ್ಚು ಉತ್ತ ಆ ಕುಟುಂಬಕ್ಕೆ ಒಂದು ಸೆಂಟ್ಸ್ ಭೂಮಿಯೂ ಬರಲಿಲ್ಲ. ಎರಡು ಕೋಟಿ ಪೌಂಡಿನ ಲೆಕ್ಕ ಓದಿ ಬ್ರಿಟಿಷರ ಮೇಲೆ ಸಿಟ್ಟುಗೊಂಡ ನಾನು ಈ ಲೆಕ್ಕವನ್ನು ಅಷ್ಟು ವರ್ಷ ಮಾಡಿಯೇ ಇರಲಿಲ್ಲ.

‘ಹಳೆಯದನ್ನು ಕೆದಕಿ ಏನು ಪ್ರಯೋಜನ?’ ಎಂದು ಕೇಳುವವರಿದ್ದಾರೆ. ಆಪ್ರವಾಸಿ ಘಾಟ್‌ನ ಮೆಟ್ಟಿಲ ಮುಂದೆ ಯಾರೂ ಈ ಪ್ರಶ್ನೆ ಕೇಳುವುದಿಲ್ಲ ಎಂಬುದನ್ನು ಗಮನಿಸಿ. ನಮಗಾದ ನೋವಿನ ನೆನಪು ಇತಿಹಾಸ, ನಾವು ಮಾಡಿದ ನೋವಿನ ನೆನಪು ಕೆದಕುವುದು. ನಮ್ಮವರು ದುಡಿದು ಮೇಲೆ ಬಂದರು ಎಂದು ಕಡಲಾಚೆ ಹೆಮ್ಮೆಪಡುವ ನಾಲಿಗೆಯೇ ಊರಿನಲ್ಲಿ ಹಗಲಿರುಳು ದುಡಿದವನನ್ನು ಸೋಮಾರಿ ಎನ್ನುತ್ತದೆ.

ರಜೆಯೊಂದರಿಂದ ಎಲ್ಲ ಸರಿಹೋಗುತ್ತದೆಂದು ನಾನು ಹೇಳುತ್ತಿಲ್ಲ. ಮಾರಿಷಸ್‌ನಲ್ಲೂ ಹೋಗಿಲ್ಲ. ಲೆ ಮೋರ್ನ್‌ನ ಬುಡದ ಕಡಲತೀರದಲ್ಲಿ ಇಂದು ಸಾಲು ಸಾಲು ಐಷಾರಾಮಿ ಹೋಟೆಲುಗಳಿವೆ. ಆದರೆ ವರ್ಷಕ್ಕೊಂದು ದಿನ ಆ ದೇಶದ ಸರಕಾರ, ಹೆಚ್ಚಿನಂಶ ಕೂಲಿಗಳ ಮೊಮ್ಮಕ್ಕಳೇ ಇರುವ ಸರಕಾರ, ಆ ಬೆಟ್ಟದ ಎದುರು ತಲೆಬಾಗಿ ನಿಲ್ಲಲೇಬೇಕು. ಶಾಲೆಯ ಮಗು ಇವತ್ತು ಯಾಕೆ ರಜೆ ಎಂದು ಕೇಳಿದರೆ ಮನೆಯಲ್ಲಿ ಯಾರಾದರೂ ಉತ್ತರ ಹೇಳಲೇಬೇಕು. ನನ್ನ ಮೊಮ್ಮಗ ಅಂದು ರಾತ್ರಿ ಅದನ್ನೇ ಕೇಳಿದ. ಮೊದಲು ಬೆಟ್ಟದ ಕತೆ ಹೇಳಿದೆ, ಆಮೇಲೆ ಅಜ್ಜನ ಅಂಗಳದ ಕತೆ ಹೇಳಿದೆ. ‘ಅವರ ಮನೆಯವರು ಈಗ ಎಲ್ಲಿದ್ದಾರೆ?’ ಎಂದ. ಗೊತ್ತಿಲ್ಲ ಎಂದೆ. ನಾಲ್ಕು ತಲೆಮಾರು ನಮ್ಮ ಗದ್ದೆಯಲ್ಲಿ ದುಡಿದವರು ಎಲ್ಲಿ ಹೋದರೆಂದು ನನಗೆ ಗೊತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಹುಡುಕಿಕೊಂಡು ಹೋದೆ. ಅವರ ಮೊಮ್ಮಗ ಸಿಕ್ಕಿದರು, ಪಕ್ಕದ ಪೇಟೆಯಲ್ಲಿ ಗಾರೆ ಕೆಲಸ ಮಾಡುತ್ತಾರೆ. ಅಜ್ಜನ ಲೆಕ್ಕದ ಪುಸ್ತಕವನ್ನು ಅವರ ಮುಂದಿಟ್ಟೆ. ಅವರು ತಮ್ಮ ಅಜ್ಜನ ಹೆಸರಿನ ಪುಟವನ್ನು ನಿಧಾನವಾಗಿ ಓದಿದರು, ಮೊತ್ತ ಕೂಡಿಸಿದರು. ‘ಇದು ತೀರಿದ್ದು ಯಾವಾಗ?’ ಎಂದು ಕೇಳಿದರು. ಕಾನೂನಿನ ಪ್ರಕಾರ 1975ರಲ್ಲಿ ಎಂದೆ. ‘ನಮಗೆ ಯಾರೂ ಹೇಳಲಿಲ್ಲ’ ಎಂದರು.

ಲೆ ಮೋರ್ನ್ ಬೆಟ್ಟ ಹತ್ತಿದ ಪೊಲೀಸರಾದರೂ ಹೇಳಲು ಹೋಗಿದ್ದರು. ನಮ್ಮಲ್ಲಿ ಆ ಅಕ್ಟೋಬರ್ 25ರಂದು ಯಾರೂ ಯಾವ ಗುಡ್ಡವನ್ನೂ ಹತ್ತಲಿಲ್ಲ. ಆ ದಿನ ರಜೆ ಕೊಡಿ ಎಂದು ನಾನು ಸರಕಾರವನ್ನು ಕೇಳುತ್ತಿಲ್ಲ, ಶಾಲೆಯಲ್ಲಿ ಒಂದು ಪಾಠ ಮಾಡಿ ಎಂದು ಕೇಳುತ್ತಿದ್ದೇನೆ. ಮಾರಿಷಸ್‌ಗೆ ಹೋಗುವ ಕನ್ನಡಿಗರನ್ನು ಕೇಳುವುದೂ ಒಂದೇ. ಆಪ್ರವಾಸಿ ಘಾಟ್ ನೋಡಿ, ನೋಡಲೇಬೇಕು. ಆದರೆ ಲೆ ಮೋರ್ನ್‌ಗೂ ಹೋಗಿ ಬನ್ನಿ. ಅಲ್ಲಿನ ಟ್ಯಾಕ್ಸಿಯವರು ನಿಮ್ಮನ್ನೂ ಆ ಪ್ರಶ್ನೆ ಕೇಳಿಯಾರು. ಉತ್ತರ ತಯಾರಿಟ್ಟುಕೊಂಡು ಹೋಗಿ.